ಕಾಣದ್ದನ್ನು ಹುಡುಕುವವರ ಭಾವಚಿತ್ರ

ಸೌರಮಂಡಲದ ಆಚೆ ಆರು ಸಾವಿರಕ್ಕೂ ಹೆಚ್ಚು ಗ್ರಹಗಳು ಪತ್ತೆಯಾಗಿವೆ. ಅವುಗಳಲ್ಲಿ ಬಹುಪಾಲನ್ನು ಪತ್ತೆ ಮಾಡಿದವರೇ ಕಣ್ಣಾರೆ ಕಂಡಿಲ್ಲ. ಹಾಗಿದ್ದರೆ ಆ ವಿಜ್ಞಾನಿಗಳ ಕೆಲಸವನ್ನು ಕ್ಯಾಮೆರಾದಲ್ಲಿ ಪ್ರಾಮಾಣಿಕವಾಗಿ ಹಿಡಿಯುವುದು ಹೇಗೆ?

2019ರ ಅಕ್ಟೋಬರ್ 8ರಂದು ಆ ವರ್ಷದ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಅರ್ಧ ಪಾಲು ವಿಶ್ವದ ವಿಕಾಸದ ಸಿದ್ಧಾಂತ ಕಟ್ಟಿದ ಜೇಮ್ಸ್ ಪೀಬಲ್ಸ್ ಅವರಿಗೆ. ಉಳಿದರ್ಧ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೊ ಅವರಿಗೆ. ಸೂರ್ಯನಂಥದೇ ಇನ್ನೊಂದು ನಕ್ಷತ್ರವನ್ನು ಸುತ್ತುತ್ತಿರುವ ಗ್ರಹವನ್ನು 1995ರಲ್ಲಿ ಮೊದಲು ಪತ್ತೆ ಮಾಡಿದವರು ಈ ಇಬ್ಬರು.

ಅವರ ಬಗ್ಗೆ ಬರೆಯುವವರಿಗೆ ಸುಲಭವಾಗಿ ಸಿಗುವ ಫೋಟೊ ಒಂದಿದೆ. ಚಿಲಿ ದೇಶದ ಲಾ ಸಿಯಾ ವೀಕ್ಷಣಾಲಯದಲ್ಲಿ 3.6 ಮೀಟರ್ ದೂರದರ್ಶಕದ ಮುಂದೆ ಇಬ್ಬರೂ ನಿಂತಿದ್ದಾರೆ. ಸೊಗಸಾದ ಚಿತ್ರ, ಸುಳ್ಳೇನೂ ಅಲ್ಲ. ಮೇಯರ್ ತಂಡ ಮುಂದೆ ಹಲವಾರು ಗ್ರಹಗಳನ್ನು ಕಂಡುಕೊಂಡದ್ದು ಆ ದೂರದರ್ಶಕದಿಂದಲೇ. ಆದರೆ ನೊಬೆಲ್ ತಂದುಕೊಟ್ಟ ಮೊದಲ ಗ್ರಹ ಸಿಕ್ಕಿದ್ದು ಅಲ್ಲಲ್ಲ, ದಕ್ಷಿಣ ಫ್ರಾನ್ಸಿನ ಓಟ್ ಪ್ರೊವಾನ್ಸ್ ವೀಕ್ಷಣಾಲಯದ 1.93 ಮೀಟರ್ ದೂರದರ್ಶಕದಲ್ಲಿ. ಅಲ್ಲಿಯೂ ಗ್ರಹ ಯಾರ ಕಣ್ಣಿಗೂ ಬೀಳಲಿಲ್ಲ. ಗ್ರಹ ಸಿಕ್ಕಿದ್ದು ಒಂದು ಲೆಕ್ಕದಲ್ಲಿ, ಏರಿಳಿಯುವ ಒಂದು ಗೆರೆಯಲ್ಲಿ.

ಹುಡುಕುವ ವಸ್ತು ಚಿತ್ರದಲ್ಲಿ ಬರುವುದಿಲ್ಲ, ಹುಡುಕುವ ಕೆಲಸವೂ ಚಿತ್ರದಲ್ಲಿ ಬರುವುದಿಲ್ಲ. ಉಳಿಯುವುದು ಹುಡುಕುವ ಮನುಷ್ಯ ಮತ್ತು ಹಿನ್ನೆಲೆಯಲ್ಲಿ ಒಂದು ದೊಡ್ಡ ಯಂತ್ರ. ಗ್ರಹಶೋಧಕರ ಫೋಟೊ ತೆಗೆಯುವ ಪ್ರತಿಯೊಬ್ಬರ ಎದುರಿಗೂ ಇರುವ ಸಮಸ್ಯೆ ಇದು. ಇದಕ್ಕೆ ಉತ್ತರ ಸಿಗಬೇಕಾದರೆ ಆ ವಿಜ್ಞಾನಿಗಳು ರಾತ್ರಿಯಿಡೀ ನಿಜವಾಗಿ ಏನು ಮಾಡುತ್ತಾರೆ ಎಂಬುದನ್ನು ಮೊದಲು ತಿಳಿಯಬೇಕು.

ಹಳೆಯ ನಂಟು

ಛಾಯಾಗ್ರಹಣಕ್ಕೂ ಖಗೋಳ ವಿಜ್ಞಾನಕ್ಕೂ ಹುಟ್ಟಿನಿಂದಲೇ ನಂಟಿದೆ. ಗಾಜಿನ ಮೇಲೆ ಮೂಡಿ ಇಂದಿಗೂ ಉಳಿದಿರುವ ಅತಿ ಹಳೆಯ ಛಾಯಾಚಿತ್ರಗಳಲ್ಲಿ ಒಂದನ್ನು 1839ರ ಸೆಪ್ಟೆಂಬರಿನಲ್ಲಿ ತೆಗೆದವರು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಚಿತ್ರದಲ್ಲಿರುವುದು ಇಂಗ್ಲೆಂಡಿನ ಸ್ಲೌ ಊರಿನಲ್ಲಿದ್ದ 40 ಅಡಿ ಉದ್ದದ ದೂರದರ್ಶಕದ ಮರದ ಚೌಕಟ್ಟು. ಅದನ್ನು ಕಟ್ಟಿದ್ದವರು ಅವರ ತಂದೆ, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್. ಫಿಲ್ಮ್ ತೊಳೆಯುವ ಡಾರ್ಕ್‌ರೂಮುಗಳಲ್ಲಿ ‘ಹೈಪೊ’ ಎಂದೇ ಹೆಸರಾಗಿದ್ದ ರಾಸಾಯನಿಕ ಬೆಳ್ಳಿಯ ಲವಣವನ್ನು ಕರಗಿಸಬಲ್ಲದು ಎಂದು ತೋರಿಸಿಕೊಟ್ಟವರೂ ಜಾನ್ ಹರ್ಷೆಲ್. ಮೂಡಿದ ಚಿತ್ರ ಬೆಳಕಿಗೆ ಕಪ್ಪಾಗಿ ಹೋಗದೆ ನಿಲ್ಲಲು ಸಾಧ್ಯವಾದದ್ದು ಅದರಿಂದ.

ಅದೇ ಜಾನ್ ಹರ್ಷೆಲ್ 1867ರಲ್ಲಿ ಕ್ಯಾಮೆರಾದ ಮುಂದೆ ಕೂತರು. ಫೋಟೊ ತೆಗೆದವರು ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಆ ಚಿತ್ರದಲ್ಲಿ ದೂರದರ್ಶಕವಿಲ್ಲ, ನಕ್ಷೆಯಿಲ್ಲ, ಗೋಳವಿಲ್ಲ. ಕಪ್ಪು ಹಿನ್ನೆಲೆ, ಕೆದರಿದ ಬಿಳಿಗೂದಲು, ಎಲ್ಲೋ ದೂರಕ್ಕೆ ನೆಟ್ಟ ಕಣ್ಣು. ಆಗಿನ ಗಾಜಿನ ತಟ್ಟೆಗಳ ಮೇಲೆ ಬಿಂಬ ಮೂಡಲು ತುಂಬ ಹೊತ್ತು ಬೇಕಿತ್ತು, ಕೂತವರು ಅಷ್ಟೂ ಹೊತ್ತು ಅಲುಗಾಡುವಂತಿರಲಿಲ್ಲ. ಆ ನಿಶ್ಚಲತೆಯೇ ಚಿತ್ರಕ್ಕೆ ಗಾಂಭೀರ್ಯ ಕೊಟ್ಟಿದೆ. ಖಗೋಳ ವಿಜ್ಞಾನಿಯ ಭಾವಚಿತ್ರ ಯಂತ್ರದ ಆಸರೆಯಿಲ್ಲದೆಯೂ ನಿಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ತಿಳಿದಿಲ್ಲ.

ಇನ್ನೊಂದು ಬಗೆಯ ಚಿತ್ರ 1937ರದು. ‘ಲೈಫ್’ ಪತ್ರಿಕೆಯ ಮಾರ್ಗರೆಟ್ ಬೋರ್ಕ್-ವೈಟ್ ಅಮೆರಿಕದ ಮೌಂಟ್ ವಿಲ್ಸನ್‌ಗೆ ಹೋಗಿ, 100 ಅಂಗುಲದ ದೂರದರ್ಶಕಕ್ಕೆ ಕಣ್ಣಿಟ್ಟು ಕೂತ ಎಡ್ವಿನ್ ಹಬಲ್ ಅವರ ಫೋಟೊ ತೆಗೆದರು. ಹಬಲ್ ಅವರ ಕಾಲದಲ್ಲೇ ನಿಜವಾದ ದಾಖಲೆ ಗಾಜಿನ ತಟ್ಟೆಗಳ ಮೇಲೆ ಆಗುತ್ತಿತ್ತು. ತಟ್ಟೆ ಬೆಳಕು ಕುಡಿಯುವಷ್ಟು ಹೊತ್ತು ದೂರದರ್ಶಕ ಗುರಿ ತಪ್ಪದಂತೆ ಕಾಯಲು ಕಣ್ಣು ಬೇಕಿತ್ತು. ಆದರೆ ದೂರದರ್ಶಕದೊಳಗೆ ಇಣುಕುವ ವಿಜ್ಞಾನಿ ಎಂಬ ಚಿತ್ರ ಜನಮನದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಶಾಲಾ ಪಠ್ಯಪುಸ್ತಕಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಜಾಹೀರಾತುಗಳಲ್ಲಿ ಅದು ಇನ್ನೂ ಹಾಗೆಯೇ ಇದೆ. ಇಂದಿನ ದೊಡ್ಡ ದೂರದರ್ಶಕಗಳಲ್ಲಿ ಕಣ್ಣಿಡುವ ಜಾಗವೇ ಇರುವುದಿಲ್ಲ. ಅಲ್ಲಿ ಕಣ್ಣಿನ ಬದಲು ಬೆಳಕನ್ನು ದಾಖಲಿಸುವ ಸಿಸಿಡಿ ಫಲಕ ಕೂತಿದೆ. ವಿಜ್ಞಾನಿ ಕೂತಿರುವುದು ಗುಮ್ಮಟದ ಹೊರಗೆ ಬೆಚ್ಚಗಿನ ಕೋಣೆಯಲ್ಲಿ, ಒಮ್ಮೊಮ್ಮೆ ಸಾವಿರಾರು ಕಿಲೊಮೀಟರ್ ದೂರದಲ್ಲಿ.

ಹೆಜ್ಜೆಗುರುತಿನ ವಿಜ್ಞಾನ

ಗ್ರಹ ನಕ್ಷತ್ರವನ್ನು ಸುತ್ತುತ್ತದೆ ಎಂದು ಓದಿಕೊಂಡಿದ್ದೇವೆ. ವಾಸ್ತವದಲ್ಲಿ ಎರಡೂ ಸೇರಿ ತಮ್ಮಿಬ್ಬರ ಸಮಾನ ದ್ರವ್ಯಕೇಂದ್ರವನ್ನು ಸುತ್ತುತ್ತವೆ. ನಕ್ಷತ್ರ ಭಾರವಾದ್ದರಿಂದ ಅದರ ಸುತ್ತು ತೀರ ಚಿಕ್ಕದು. ಹಾಗೆ ಸುತ್ತುವಾಗ ಅದು ಒಮ್ಮೆ ನಮ್ಮ ಕಡೆಗೆ ಬರುತ್ತದೆ, ಇನ್ನೊಮ್ಮೆ ದೂರ ಸರಿಯುತ್ತದೆ. ಬರುವಾಗ ಅದರ ಬೆಳಕಿನ ರೋಹಿತದಲ್ಲಿರುವ ಕಪ್ಪುಗೆರೆಗಳು ನೀಲಿಯ ಕಡೆಗೂ, ಸರಿಯುವಾಗ ಕೆಂಪಿನ ಕಡೆಗೂ ಒಂದಿಷ್ಟು ಜರುಗುತ್ತವೆ. ಈ ಜರುಗುವಿಕೆಯನ್ನು ಅಳೆದರೆ ಕಾಣದ ಗ್ರಹದ ಸುಳಿವು ಸಿಗುತ್ತದೆ. ನಾಗರಹೊಳೆಯ ಅರಣ್ಯ ರಕ್ಷಕ ಹುಲಿಯನ್ನು ಕಾಣದೆಯೇ ಕೆಸರಿನ ಮೇಲಿನ ಹೆಜ್ಜೆಗುರುತಿನಿಂದ ಅದು ಹೋದ ದಿಕ್ಕು, ಅದರ ಗಾತ್ರ ಹೇಳುವ ಹಾಗೆ.

ಈ ಹೆಜ್ಜೆ ಎಷ್ಟು ನವಿರು ಎಂದರೆ, ಭಾರೀ ಗ್ರಹವಾದ ಗುರು ನಮ್ಮ ಸೂರ್ಯನನ್ನು ಅಲುಗಿಸುವುದು ಸೆಕೆಂಡಿಗೆ ಸುಮಾರು 12.5 ಮೀಟರ್ ವೇಗದಲ್ಲಿ. ಭೂಮಿಯಿಂದಾಗಿ ಸೂರ್ಯ ಅಲುಗುವ ವೇಗ ಸೆಕೆಂಡಿಗೆ ಕೇವಲ 9 ಸೆಂಟಿಮೀಟರ್.

ಮೇಯರ್ ಮತ್ತು ಕೆಲೊ ‘ಎಲೊಡಿ’ ಎಂಬ ರೋಹಿತಮಾಪಕವನ್ನು ಬಳಸಿ ನಕ್ಷತ್ರಗಳನ್ನು ಅಳೆಯುತ್ತಿದ್ದರು. ಕೆಲೊ ಆಗಿನ್ನೂ ಪಿಎಚ್.ಡಿ. ವಿದ್ಯಾರ್ಥಿ. ಸುಮಾರು 50 ಜ್ಯೋತಿರ್ವರ್ಷ ದೂರದ ‘51 ಪೆಗಾಸಿ’ ನಕ್ಷತ್ರದ ಅಳತೆ ಪ್ರತಿ ಬಾರಿಯೂ ಬೇರೆಬೇರೆ ಬರತೊಡಗಿತು. ಉಪಕರಣವೇ ಕೆಟ್ಟಿದೆಯೇನೋ ಎಂದು ಕೆಲೊ ಮೊದಲು ಆತಂಕಪಟ್ಟರು. ನಕ್ಷತ್ರ ಹಿಂದೆಮುಂದೆ ಓಲಾಡುತ್ತಿದ್ದುದು ಸೆಕೆಂಡಿಗೆ 60 ಮೀಟರಿನಷ್ಟು ವೇಗದಲ್ಲಿ, 4.2 ದಿನಕ್ಕೊಂದು ಆವರ್ತದಂತೆ. ಗುರುವಿನ ಅರ್ಧದಷ್ಟಾದರೂ ತೂಕವಿರುವ ಗ್ರಹವೊಂದು ತನ್ನ ನಕ್ಷತ್ರಕ್ಕೆ ಅಂಟಿಕೊಂಡಂತೆ ನಾಲ್ಕೇ ದಿನಗಳಲ್ಲಿ ಒಂದು ಸುತ್ತು ಮುಗಿಸುತ್ತಿದೆ ಎಂದು ಇದರರ್ಥ. ಅಂಥ ಗ್ರಹ ಇರಬಹುದೆಂದು ಆಗ ಹೆಚ್ಚಿನವರು ಎಣಿಸಿರಲಿಲ್ಲ. ಇಬ್ಬರೂ ಅವಸರ ಮಾಡಲಿಲ್ಲ. ನಕ್ಷತ್ರ ಸೂರ್ಯನ ಮರೆಯಿಂದ ಮತ್ತೆ ರಾತ್ರಿಯಾಕಾಶಕ್ಕೆ ಬರುವವರೆಗೆ ಕಾದು, 1995ರ ಜುಲೈನಲ್ಲಿ ಇನ್ನೊಮ್ಮೆ ಅಳೆದರು. ಲೆಕ್ಕ ಹೇಳಿದಂತೆಯೇ ನಕ್ಷತ್ರ ಓಲಾಡುತ್ತಿತ್ತು. ಅಕ್ಟೋಬರ್ 6ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಜಗತ್ತಿಗೆ ತಿಳಿಸಿದರು.

ಈ ಕತೆಯಲ್ಲಿ ಫೋಟೊ ತೆಗೆಯಲು ಯೋಗ್ಯವಾದ ಕ್ಷಣ ಯಾವುದು? ಯುವ ವಿದ್ಯಾರ್ಥಿಯೊಬ್ಬ ತನ್ನ ಉಪಕರಣವನ್ನೇ ಸಂದೇಹಿಸುತ್ತ ಕಂಪ್ಯೂಟರಿನ ಮುಂದೆ ಕೂತ ಆ ತಿಂಗಳುಗಳು. ಅದರಲ್ಲಿ ಬೆರಗಿದೆ, ಭಯವಿದೆ, ತಾಳ್ಮೆಯಿದೆ. ಗುಮ್ಮಟದ ಮುಂದೆ ಕೈಕಟ್ಟಿ ನಿಂತ ಚಿತ್ರದಲ್ಲಿ ಇದಾವುದೂ ಬರುವುದಿಲ್ಲ.

ಕ್ಯಾಮೆರಾ ಹೋಗಲಾಗದ ಕೋಣೆ

ಗ್ರಹಶೋಧದ ನಿಜವಾದ ಯಂತ್ರ ಚಿತ್ರದಲ್ಲಿ ಬರದಿರುವುದಕ್ಕೆ ತಾಂತ್ರಿಕ ಕಾರಣವೂ ಇದೆ. ಲಾ ಸಿಯಾದಲ್ಲಿ 2003ರಿಂದ ಕೆಲಸ ಮಾಡುತ್ತಿರುವ ‘ಹಾರ್ಪ್ಸ್’ ರೋಹಿತಮಾಪಕ ಸೆಕೆಂಡಿಗೆ ಒಂದು ಮೀಟರಿನಷ್ಟು ನಿಧಾನದ ಓಲಾಟವನ್ನೂ ಗುರುತಿಸುತ್ತದೆ. ಅಷ್ಟು ಓಲಾಟಕ್ಕೆ ರೋಹಿತದ ಗೆರೆ ಜರುಗುವುದು ಸಿಸಿಡಿಯ ಒಂದು ಪಿಕ್ಸೆಲ್ಲಿನ ಸುಮಾರು ಸಾವಿರದಲ್ಲೊಂದು ಭಾಗ. ಕೋಣೆಯ ಶಾಖ ಒಂದಿಷ್ಟು ಬದಲಾದರೂ, ಗಾಳಿಯ ಒತ್ತಡ ತುಸು ಏರಿದರೂ ಗೆರೆ ಅದಕ್ಕಿಂತ ಹೆಚ್ಚು ಜರುಗುತ್ತದೆ. ಆದ್ದರಿಂದ ಉಪಕರಣವನ್ನು ನಿರ್ವಾತ ತೊಟ್ಟಿಯೊಳಗಿಟ್ಟು, ಕೋಣೆಯೊಳಗೆ ಕೋಣೆ ಕಟ್ಟಿ, ಬಾಗಿಲು ಮುಚ್ಚಿರುತ್ತಾರೆ. ದೂರದರ್ಶಕದಿಂದ ಬೆಳಕು ಅಲ್ಲಿಗೆ ಆಪ್ಟಿಕಲ್ ಫೈಬರಿನ ಮೂಲಕ ಹರಿದು ಬರುತ್ತದೆ. ಒಳಗೆ ಮನುಷ್ಯರು ಕಾಲಿಟ್ಟರೆ ಅವರ ಮೈಶಾಖವೇ ಅಳತೆಗೆ ತೊಂದರೆ. ಫೋಟೊ ತೆಗೆಯುವವರಿಗೆ ಅಲ್ಲಿ ಜಾಗವಿಲ್ಲ, ಇರಬಾರದು ಕೂಡ. ಯಂತ್ರ ಕಟ್ಟುವ ದಿನಗಳಲ್ಲಿ, ತೊಟ್ಟಿ ಮುಚ್ಚುವ ಮೊದಲು ತೆಗೆದ ಚಿತ್ರಗಳಷ್ಟೇ ದೊರೆಯುವುದು. ಅವುಗಳಲ್ಲಿ ಬಿಳಿ ಕೋಟು ತೊಟ್ಟು ಕನ್ನಡಿ ಜೋಡಿಸುತ್ತಿರುವ ಎಂಜಿನಿಯರುಗಳು ಕಾಣುತ್ತಾರೆ. ಗ್ರಹಶೋಧದ ಫೋಟೊಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳವಾಗಿ ಕಾಣುವುದು ಅವೇ.

ಓಲಾಟ ಅಳೆಯುವುದು ಗ್ರಹ ಹುಡುಕುವ ಒಂದು ವಿಧಾನವಾದರೆ, ಎರಡನೆಯ ವಿಧಾನ ಸಂಕ್ರಮಣದ್ದು. 2012ರ ಜೂನ್ 6ರ ಬೆಳಿಗ್ಗೆ ಶುಕ್ರಗ್ರಹ ಸೂರ್ಯಬಿಂಬವನ್ನು ಕಪ್ಪು ಚುಕ್ಕೆಯಾಗಿ ದಾಟಿದ್ದನ್ನು ನಮ್ಮಲ್ಲಿ ಅನೇಕರು ಸೌರ ಕನ್ನಡಕ ಹಿಡಿದು ನೋಡಿದ್ದೇವೆ. ದೂರದ ನಕ್ಷತ್ರದ ಮುಂದೆ ಗ್ರಹವೊಂದು ಹೀಗೆ ಹಾದುಹೋದರೆ ಚುಕ್ಕೆ ಕಾಣುವುದಿಲ್ಲ, ನಕ್ಷತ್ರದ ಬೆಳಕು ಸ್ವಲ್ಪ ಇಳಿಯುತ್ತದೆ ಅಷ್ಟೆ. ಅಷ್ಟು ದೂರದಿಂದ ನೋಡಿದರೆ ಭೂಮಿ ನಮ್ಮ ಸೂರ್ಯನ ಬೆಳಕನ್ನು ತಗ್ಗಿಸುವುದು ಹತ್ತು ಲಕ್ಷದಲ್ಲಿ 84 ಪಾಲು ಮಾತ್ರ. ಇಷ್ಟು ಚಿಕ್ಕ ಇಳಿತವನ್ನು ಅಳೆಯುವ ಬಾಹ್ಯಾಕಾಶ ನೌಕೆ ಕಟ್ಟಬಹುದು ಎಂದು ನಾಸಾದ ವಿಲಿಯಂ ಬೊರುಕಿ 1992ರಿಂದ ಪ್ರಸ್ತಾವ ಸಲ್ಲಿಸುತ್ತ ಬಂದರು. ನಾಲ್ಕು ಸಲ ತಿರಸ್ಕಾರವಾಯಿತು. 2001ರಲ್ಲಿ ಒಪ್ಪಿಗೆ ಸಿಕ್ಕಿತು, 2009ರಲ್ಲಿ ‘ಕೆಪ್ಲರ್’ ಹಾರಿತು.

ಕೆಪ್ಲರ್ ಎಂದರೆ ಹೆಚ್ಚುಕಡಿಮೆ ಒಂದು ಕ್ಯಾಮೆರಾ. 42 ಸಿಸಿಡಿಗಳು, ಒಟ್ಟು 9.5 ಕೋಟಿ ಪಿಕ್ಸೆಲ್. ಅದು ಆಕಾಶದ ಒಂದೇ ಭಾಗವನ್ನು, ಅಲ್ಲಿನ ಒಂದೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ವರ್ಷಗಟ್ಟಲೆ ದಿಟ್ಟಿಸಿತು. ನಾವು ತೆಗೆಯುವ ಫೋಟೊಗಳಲ್ಲಿ ಬಿಂಬ ಚೂಪಾಗಿರಬೇಕು. ಕೆಪ್ಲರಿಗೆ ಮಾತ್ರ ಒಂದೊಂದು ನಕ್ಷತ್ರದ ಬೆಳಕು ಹಲವು ಪಿಕ್ಸೆಲ್ಲುಗಳ ಮೇಲೆ ಹರಡಿರಬೇಕಿತ್ತು, ಆಗಲೇ ಅಳತೆ ನಿಖರ. 2018ರಲ್ಲಿ ಇಂಧನ ಮುಗಿದು ನಿಲ್ಲುವಷ್ಟರಲ್ಲಿ ಅದರ ದತ್ತಾಂಶದಿಂದ 2,600ಕ್ಕೂ ಹೆಚ್ಚು ಗ್ರಹಗಳು ಖಚಿತವಾಗಿದ್ದವು. ಒಂದರ ಮುಖವೂ ಅದರ ಚಿತ್ರಗಳಲ್ಲಿ ಇಲ್ಲ.

ಕತ್ತಲೆಯ ಶಿಸ್ತು

ಇಂಥ ಕೆಲಸ ಮಾಡುವವರ ಫೋಟೊ ತೆಗೆಯಲು ವೀಕ್ಷಣಾಲಯಕ್ಕೆ ಹೋಗುವವರು ಮೊದಲು ಕಲಿಯಬೇಕಾದದ್ದು ಕತ್ತಲೆಯನ್ನು ಗೌರವಿಸುವುದು. ಮನುಷ್ಯರ ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಬಿಳಿ ಮಿಂಚು ಆ ಹೊಂದಾಣಿಕೆಯನ್ನು ಕ್ಷಣದಲ್ಲಿ ಕಳೆಯುತ್ತದೆ. ಕಣ್ಣಿನದಾದರೂ ಸರಿಹೋದೀತು, ತೆರೆದ ಗುಮ್ಮಟದೊಳಗೆ ಫ್ಲ್ಯಾಶ್ ಹೊಡೆದರೆ ದೂರದರ್ಶಕ ಆ ಹೊತ್ತಿನಲ್ಲಿ ಸಂಗ್ರಹಿಸುತ್ತಿದ್ದ ಅಳತೆಯೇ ಹಾಳು. ಫ್ಲ್ಯಾಶ್ ಬಂದ್ ಮಾಡಿದರೆ ಸಾಲದು. ಫೋಕಸ್ ಹಿಡಿಯಲು ಕ್ಯಾಮೆರಾ ತಾನೇ ಚೆಲ್ಲುವ ಬೆಳಕು, ಹಿಂಬದಿಯ ಪರದೆ, ಕಾರ್ಡಿಗೆ ಬರೆಯುವಾಗ ಮಿನುಗುವ ಕೆಂಪು ಚುಕ್ಕೆ, ಜೇಬಿನ ಮೊಬೈಲು, ಕೈಗಡಿಯಾರ ಎಲ್ಲವನ್ನೂ ಆರಿಸಬೇಕು ಅಥವಾ ಕಪ್ಪು ಟೇಪಿನಿಂದ ಮುಚ್ಚಬೇಕು. ನಡೆದಾಡಲು ಮಂದವಾದ ಕೆಂಪು ಟಾರ್ಚು.

ಹೊರಗೆ ನಕ್ಷತ್ರಗಳ ಅಡಿಯಲ್ಲಿ ಚಿತ್ರ ತೆಗೆಯುವುದಾದರೆ ಅಗಲ ನೋಟದ ಲೆನ್ಸು, ಎಫ್ 2.8ರಷ್ಟು ತೆರೆದ ಕಿಂಡಿ, ಐಎಸ್ಒ 3200ರ ಆಸುಪಾಸು, 15ರಿಂದ 20 ಸೆಕೆಂಡುಗಳ ಎಕ್ಸ್‌ಪೋಷರ್ ಬೇಕಾಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಗೆರೆಗಳಾಗುತ್ತವೆ. ಅಷ್ಟು ಹೊತ್ತು ವಿಜ್ಞಾನಿ ಅಲುಗದೆ ನಿಲ್ಲಬೇಕು. ಕಟಕಟೆಗೋ ಗೋಡೆಗೋ ಒರಗಿ ನಿಲ್ಲಲು ಹೇಳುವುದು ಒಳ್ಳೆಯದು. 1867ರಲ್ಲಿ ಕ್ಯಾಮೆರಾನ್ ಅವರ ಮುಂದೆ ಹರ್ಷೆಲ್ ಕೂತಿದ್ದ ಸ್ಥಿತಿಯೂ ಇದೇ. ಅಲುಗದೆ ನಿಂತವರ ಮುಖದಲ್ಲಿ ಕ್ಯಾಮೆರಾಕ್ಕೆಂದು ತಂದುಕೊಂಡ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಬಹಳ ಮಂದಿ ಗಮನಿಸದ ಒಂದು ಸಂಗತಿ ಚಂದ್ರನದು. ಕ್ಷೀಣ ಗೆಲಾಕ್ಸಿಗಳನ್ನು ನೋಡುವವರಿಗೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳೇ ಬೇಕು. ಓಲಾಟ ಅಳೆದು ಗ್ರಹ ಹುಡುಕುವವರು ಸಾಮಾನ್ಯವಾಗಿ ಪ್ರಕಾಶಮಾನ ನಕ್ಷತ್ರಗಳನ್ನು ಆರಿಸಿಕೊಳ್ಳುವುದರಿಂದ ಅವರಿಗೆ ಬೆಳದಿಂಗಳ ರಾತ್ರಿಗಳೂ ಒಗ್ಗುತ್ತವೆ, ಅಂಥ ರಾತ್ರಿಗಳೇ ಅವರ ಪಾಲಿಗೆ ಬರುವುದೂ ಉಂಟು. ಗ್ರಹಶೋಧಕರೆಂದರೆ ತಲೆಯ ಮೇಲೆ ಆಕಾಶಗಂಗೆ ಉಕ್ಕುತ್ತಿರಲೇಬೇಕು ಎಂಬ ಹಟ ಬೇಕಿಲ್ಲ. ಬೆಳದಿಂಗಳು ಗುಮ್ಮಟದ ಮೇಲೂ ಮುಖದ ಮೇಲೂ ಒಂದೇ ಸಮನೆ ಬೀಳುತ್ತದೆ. ಯಾವ ದೀಪವನ್ನೂ ಹಚ್ಚದೆ, ಯಾರ ಕೆಲಸವನ್ನೂ ಕೆಡಿಸದೆ ಭಾವಚಿತ್ರ ತೆಗೆಯಲು ಅದಕ್ಕಿಂತ ಒಳ್ಳೆಯ ಬೆಳಕಿಲ್ಲ.

ಇನ್ನೊಂದು ಒಳ್ಳೆಯ ಹೊತ್ತು ಮುಸ್ಸಂಜೆ. ಒಳಗಿನ ಗಾಳಿ ಹೊರಗಿನ ಗಾಳಿಯಷ್ಟೇ ತಣ್ಣಗಾಗಲಿ ಎಂದು ಗುಮ್ಮಟವನ್ನು ಕತ್ತಲಾಗುವ ಮೊದಲೇ ತೆರೆಯುತ್ತಾರೆ. ಉಪಕರಣಗಳನ್ನು ಪರೀಕ್ಷಿಸುವ ಅಳತೆಗಳು ಆಗ ನಡೆಯುತ್ತವೆ. ಎಲ್ಲರೂ ಎದ್ದು ಓಡಾಡುವ, ಕೈಯಲ್ಲಿ ಸ್ಪ್ಯಾನರು, ಟಿಪ್ಪಣಿ ಪುಸ್ತಕ, ಚಹದ ಲೋಟ ಇರುವ ಹೊತ್ತದು. ರಾತ್ರಿಯ ಮುಖ್ಯ ದೃಶ್ಯವಿರುವುದು ನಿಯಂತ್ರಣ ಕೋಣೆಯಲ್ಲಿ. ಅಲ್ಲಿ ಪರದೆಗಳ ಬೆಳಕೇ ಮುಖಕ್ಕೆ ಸಾಕು. ಪರದೆಯ ಮೇಲಿನ ಗೆರೆ ಓದಲು ಬರುವಂತೆ ಎಕ್ಸ್‌ಪೋಷರ್ ಇಟ್ಟುಕೊಂಡು ಕಾಯಬೇಕು. ‘ಸ್ವಲ್ಪ ಪರದೆಯ ಕಡೆ ಬೆರಳು ತೋರಿಸಿ ಸರ್’ ಎನ್ನುವುದು ಬೇಡ. ಮೋಡ ಕವಿದಾಗ, ಅಳತೆ ಚೆನ್ನಾಗಿ ಬಂದಾಗ, ಬೆಳಗಿನ ಜಾವ ಕಣ್ಣು ಎಳೆಯುವಾಗ ಅವರ ಮುಖ ತಾನಾಗಿಯೇ ಮಾತಾಡುತ್ತದೆ.

ಬಿಡಲೇಬೇಕಾದ ಒಂದು ಚಾಳಿಯೂ ಇದೆ. ತಲೆಗೆ ಕಟ್ಟಿದ ಟಾರ್ಚಿನ ಬಿಳಿ ಬೆಳಕನ್ನು ಕೋಲಿನಂತೆ ಆಕಾಶಕ್ಕೆ ಎತ್ತಿ ನಿಂತ ಮನುಷ್ಯನ ಚಿತ್ರ ಎಲ್ಲೆಲ್ಲೂ ಇದೆ. ಕೆಲಸ ಮಾಡುತ್ತಿರುವ ಯಾವ ಖಗೋಳ ವಿಜ್ಞಾನಿಯೂ ಆಕಾಶಕ್ಕೆ ಟಾರ್ಚು ಬಿಡುವುದಿಲ್ಲ. ಅವರ ಕೆಲಸಕ್ಕೆ ಇಂದು ಎದುರಾಗಿರುವ ದೊಡ್ಡ ಆಪತ್ತುಗಳಲ್ಲಿ ಮೇಲಕ್ಕೆ ಸೋರುವ ಬೆಳಕೂ ಒಂದು. ಅದನ್ನೇ ಅವರ ಗುರುತಾಗಿ ತೋರಿಸುವುದು ತಪ್ಪು.

ಗ್ರಹದ್ದೇ ಫೋಟೊ

ಹಾಗಿದ್ದರೆ ಸೌರಮಂಡಲದಾಚೆಯ ಈ ಹೊರಗ್ರಹಗಳ ಫೋಟೊ ಇಲ್ಲವೇ ಇಲ್ಲವೇ? ಇವೆ, ಆದರೆ ಕಡಿಮೆ. 2025ರ ಸೆಪ್ಟೆಂಬರಿನಲ್ಲಿ ಖಚಿತಪಟ್ಟ ಗ್ರಹಗಳ ಸಂಖ್ಯೆ 6,000 ದಾಟಿತೆಂದು ನಾಸಾ ಹೇಳಿತು. ನೇರವಾಗಿ ಬಿಂಬ ಸಿಕ್ಕಿರುವುದು ನೂರಕ್ಕೂ ಕಡಿಮೆ ಗ್ರಹಗಳದು. ಕಾರಣ ಸರಳ. ದೂರದಿಂದ ನೋಡಿದರೆ ನಮ್ಮ ಸೂರ್ಯ ಭೂಮಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಪ್ರಕಾಶಮಾನ. ಆ ಪ್ರಖರತೆಯ ಪಕ್ಕದಲ್ಲೇ ಇರುವ ಮಂದ ಚುಕ್ಕೆಯನ್ನು ಹಿಡಿಯಬೇಕಾದರೆ ನಕ್ಷತ್ರವನ್ನು ಮರೆಮಾಡಬೇಕು. ಸೂರ್ಯನ ಹೊರಪ್ರಭೆಯನ್ನು ಗ್ರಹಣವಿಲ್ಲದಾಗಲೂ ನೋಡಲೆಂದು 1930ರ ದಶಕದ ಆರಂಭದಲ್ಲಿ ಫ್ರಾನ್ಸಿನ ಬರ್ನಾರ್ ಲಿಯೊ ರೂಪಿಸಿದ ಕರೋನಾಗ್ರಾಫ್ ಎಂಬ ಸಾಧನದ ತತ್ವವನ್ನೇ ಇಲ್ಲಿಯೂ ಬಳಸುತ್ತಾರೆ.

2008ರಲ್ಲಿ ಕ್ರಿಶ್ಚಿಯನ್ ಮಾರುವಾ ಮತ್ತು ಸಂಗಡಿಗರು ‘ಎಚ್‌ಆರ್ 8799’ ಎಂಬ ನಕ್ಷತ್ರದ ಸುತ್ತ ಮೂರು ಗ್ರಹಗಳ ಬಿಂಬ ತೋರಿಸಿದರು, 2010ರಲ್ಲಿ ನಾಲ್ಕನೆಯದೂ ಸಿಕ್ಕಿತು. ವರ್ಷಗಳ ಕಾಲ ತೆಗೆದ ಬಿಂಬಗಳನ್ನು ಖಗೋಳ ವಿಜ್ಞಾನಿ ಜೇಸನ್ ವಾಂಗ್ ಒಂದರ ಹಿಂದೊಂದು ಜೋಡಿಸಿದಾಗ ನಾಲ್ಕು ಚುಕ್ಕೆಗಳು ತಮ್ಮ ಸೂರ್ಯನ ಸುತ್ತ ಸಾಗುವ ಕಿರುಚಿತ್ರವೇ ಸಿದ್ಧವಾಯಿತು. ಇನ್ನೊಂದು ಸೌರವ್ಯೂಹದ ಚಲನೆಯನ್ನು ಮನುಷ್ಯರು ಕಣ್ಣಾರೆ ಕಂಡರು. ನನ್ನ ಮಟ್ಟಿಗೆ ಈ ಶತಮಾನದ ಶ್ರೇಷ್ಠ ಛಾಯಾಚಿತ್ರಗಳ ಸಾಲಿನಲ್ಲಿ ಅದಕ್ಕೆ ಜಾಗವಿದೆ.

ಆದರೆ ಕಂಡದ್ದೆಲ್ಲ ಗ್ರಹವಲ್ಲ. 2008ರಲ್ಲೇ ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಿ ‘ಫೋಮಲ್‌ಹಾಟ್’ ನಕ್ಷತ್ರದ ಬಳಿ ಒಂದು ಚುಕ್ಕೆ ಕಂಡಿತ್ತು, ಗ್ರಹವೆಂದು ಘೋಷಣೆಯೂ ಆಗಿತ್ತು. ಮುಂದಿನ ವರ್ಷಗಳಲ್ಲಿ ಚುಕ್ಕೆ ಮಂಕಾಗುತ್ತ, ಹರಡುತ್ತ ಹೋಯಿತು. ಎರಡು ಹಿಮಕಾಯಗಳು ಡಿಕ್ಕಿ ಹೊಡೆದು ಎದ್ದ ದೂಳಿನ ಮೋಡ ಅದಿರಬೇಕು ಎಂದು 2020ರಲ್ಲಿ ವಿಜ್ಞಾನಿಗಳು ತೋರಿಸಿದರು. ಇತ್ತ 51 ಪೆಗಾಸಿಯ ಗೆರೆ ಮೂವತ್ತು ವರ್ಷಗಳಾದರೂ ಹಾಗೇ ನಿಂತಿದೆ. ಫೋಟೊ ಇದ್ದರೆ ಮಾತ್ರ ಪುರಾವೆ ಎನ್ನುವವರು ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ನಾವು ನೋಡುವ ನೀಲಿ ಸಮುದ್ರದ, ಕೆಂಪು ಮೋಡದ, ಉಂಗುರ ತೊಟ್ಟ ಹೊರಗ್ರಹಗಳ ಚಿತ್ರಗಳು ಕಲಾವಿದರು ಬರೆದವು. 2017ರಲ್ಲಿ ಪ್ರಕಟವಾದ ‘ಟ್ರಾಪಿಸ್ಟ್-1’ರ ಏಳು ಗ್ರಹಗಳ ಪ್ರಸಿದ್ಧ ಚಿತ್ರವೂ ಹಾಗೆಯೇ. ಗ್ರಹದ ಗಾತ್ರ, ತೂಕ, ನಕ್ಷತ್ರದಿಂದ ಅದಕ್ಕಿರುವ ದೂರ ಇವನ್ನು ವಿಜ್ಞಾನಿಗಳಿಂದ ಕೇಳಿ ತಿಳಿದು ಬರೆಯುವ ಆ ಕಲಾವಿದರ ಶ್ರಮ ದೊಡ್ಡದು. ಆದರೆ ‘ಕಲಾವಿದರ ಕಲ್ಪನೆ’ ಎಂಬ ಅಡಿಬರಹವನ್ನು ಪತ್ರಿಕೆ ಕೈಬಿಟ್ಟರೆ ಓದುಗರು ಅದನ್ನು ಫೋಟೊ ಎಂದೇ ನಂಬುತ್ತಾರೆ.

ಮದರಾಸಿನಿಂದ ಹೊಸಕೋಟೆಗೆ

ಹೊರಗ್ರಹಗಳ ಹುಡುಕಾಟದಲ್ಲಿ ನಮ್ಮ ನೆಲದ ಹೆಸರು ಬಹು ಹಿಂದೆಯೇ ಬಂದಿದೆ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ವೀಕ್ಷಣಾಲಯದ ಕ್ಯಾಪ್ಟನ್ ಡಬ್ಲ್ಯು.ಎಸ್. ಜೇಕಬ್ ‘70 ಒಫಿಯೂಕಿ’ ಎಂಬ ಜೋಡಿ ನಕ್ಷತ್ರದ ಚಲನೆಯಲ್ಲಿ ಏರುಪೇರು ಕಂಡು, ಅಲ್ಲಿ ಗ್ರಹವೊಂದು ಇರುವ ಸಂಭವ ಹೆಚ್ಚು ಎಂದು ಬರೆದರು. ಅಳತೆಯ ಆಧಾರದ ಮೇಲೆ ಹೊರಗ್ರಹವಿದೆ ಎಂದ ಅತ್ಯಂತ ಹಳೆಯ ವಾದಗಳಲ್ಲಿ ಅದೂ ಒಂದು. ಆ ವಾದ ನಿಲ್ಲಲಿಲ್ಲ. ಆದರೆ ಕಾಣದ ಗ್ರಹವನ್ನು ನಕ್ಷತ್ರದ ನಡೆಯಿಂದ ಊಹಿಸುವ ದಾರಿ ಸರಿಯಾಗಿತ್ತು. ಆ ವೀಕ್ಷಣಾಲಯದ ಪರಂಪರೆಯ ಇಂದಿನ ವಾರಸುದಾರ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ.

ಅದೇ ಓಲಾಟದ ದಾರಿಯಲ್ಲಿ ನಮ್ಮವರು ಗ್ರಹ ಕಂಡದ್ದು ರಾಜಸ್ಥಾನದ ಮೌಂಟ್ ಅಬುವಿನಿಂದ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಅಭಿಜಿತ್ ಚಕ್ರಬರ್ತಿ ಅವರ ತಂಡ ಅಲ್ಲಿನ 1.2 ಮೀಟರ್ ದೂರದರ್ಶಕಕ್ಕೆ ‘ಪಾರಸ್’ ಎಂಬ ರೋಹಿತಮಾಪಕ ಜೋಡಿಸಿ, ಸುಮಾರು 600 ಜ್ಯೋತಿರ್ವರ್ಷ ದೂರದ ಗ್ರಹವೊಂದರ ತೂಕವನ್ನು 2018ರಲ್ಲಿ ಅಳೆದು ಪ್ರಕಟಿಸಿತು. ಅದು ಭೂಮಿಯ ಸುಮಾರು 27 ಪಟ್ಟು ತೂಕದ, 6 ಪಟ್ಟು ಅಗಲದ ಗ್ರಹ. 19.5 ದಿನಗಳಿಗೊಮ್ಮೆ ತನ್ನ ನಕ್ಷತ್ರವನ್ನು ಸುತ್ತುತ್ತದೆ. ಈಗ ಅಲ್ಲಿ 2.5 ಮೀಟರಿನ ಹೊಸ ದೂರದರ್ಶಕವಿದೆ, ‘ಪಾರಸ್-2’ ಇದೆ.

ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಹೊರವಲಯದ ಹೊಸಕೋಟೆಯಿಂದ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸುಜನ್ ಸೇನ್‌ಗುಪ್ತ ಮತ್ತು ಸಹಸಂಶೋಧಕರು ಹಾನ್ಲೆಯ ಈ ದೂರದರ್ಶಕವನ್ನೂ ತಮಿಳುನಾಡಿನ ಕಾವಲೂರಿನ 1.3 ಮೀಟರ್ ದೂರದರ್ಶಕವನ್ನೂ ಬಳಸಿ ಐದು ‘ಬಿಸಿ ಗುರು’ಗಳ, ಅಂದರೆ ನಕ್ಷತ್ರಕ್ಕೆ ತೀರ ಹತ್ತಿರ ಸುತ್ತುವ ಭಾರೀ ಗ್ರಹಗಳ, ಸಂಕ್ರಮಣವನ್ನು ಅಳೆದು 2021ರಲ್ಲಿ ಪ್ರಕಟಿಸಿದ್ದಾರೆ. ಹಿಮಾಲಯದ ಚಳಿಯಲ್ಲಿ ಗುಮ್ಮಟ ತಿರುಗುತ್ತಿದೆ, ಅದಕ್ಕೆ ಆಜ್ಞೆ ಕೊಡುವವರು ಹೊಸಕೋಟೆಯ ಕೋಣೆಯೊಂದರಲ್ಲಿ ಕೂತಿದ್ದಾರೆ. ಗ್ರಹಶೋಧದ ನಿಜವಾದ ಭಾವಚಿತ್ರ ತೆಗೆಯಬೇಕೆನ್ನುವ ಕನ್ನಡದ ಛಾಯಾಗ್ರಾಹಕರಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಸತ್ಯವಾದ ವಸ್ತು ಬೇರೆಲ್ಲಿದೆ?

ಹಾನ್ಲೆಯ ವೀಕ್ಷಣಾಲಯದ ಎಂಜಿನಿಯರ್ ದೋರ್ಜೆ ಅಂಗ್‌ಚುಕ್ ಅವರೇ ಈ ಹಾದಿಯಲ್ಲಿ ಮಾದರಿ. 2025ರ ಆರಂಭದಲ್ಲಿ ಅವರು ಹಗಲು ರಾತ್ರಿ ತೆಗೆದ ಚಿತ್ರಗಳನ್ನು ಹೆಣೆದು, ನಕ್ಷತ್ರಗಳು ನಿಂತಲ್ಲೇ ನಿಂತು ಭೂಮಿ ತಿರುಗುವುದು ಕಣ್ಣಿಗೆ ಕಾಣುವಂತೆ ಮಾಡಿದರು. ಯಂತ್ರವನ್ನು ಬಲ್ಲವರೇ ಕ್ಯಾಮೆರಾ ಹಿಡಿದಾಗ ಚಿತ್ರ ಅಂದದ ಜೊತೆಗೆ ಅರಿವನ್ನೂ ಕೊಡುತ್ತದೆ. 2022ರಲ್ಲಿ ಹಾನ್ಲೆಯ ಸುತ್ತಲ ಪ್ರದೇಶವನ್ನು ಕತ್ತಲಾಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಅಲ್ಲಿಗೆ ಹೋಗುವ ನೂರಾರು ಕ್ಯಾಮೆರಾಗಳು ಆ ಕತ್ತಲೆಯನ್ನು ಉಳಿಸಬೇಕು.

ಯಾರ ಚಿತ್ರ ತೆಗೆಯಬೇಕು?

1917ರಲ್ಲಿ ಮೌಂಟ್ ವಿಲ್ಸನ್‌ನಲ್ಲಿ ಖಗೋಳ ವಿಜ್ಞಾನಿ ವಾಲ್ಟರ್ ಆಡಮ್ಸ್ ‘ವಾನ್ ಮಾನೆನ್ ತಾರೆ’ಯ ರೋಹಿತವನ್ನು ಗಾಜಿನ ತಟ್ಟೆಯ ಮೇಲೆ ಹಿಡಿದು, ಲಕೋಟೆಯ ಮೇಲೆ ಟಿಪ್ಪಣಿ ಬರೆದು ಕಪಾಟಿಗೆ ಸೇರಿಸಿದರು. ಸುಮಾರು ನೂರು ವರ್ಷಗಳ ಬಳಿಕ ಜೇ ಫರಿಹಿ ಎಂಬ ವಿಜ್ಞಾನಿ ಆ ತಟ್ಟೆಯನ್ನು ಹೊರತೆಗೆಸಿ ನೋಡಿದರು. ಆ ಶ್ವೇತಕುಬ್ಜ (ಉರಿದು ಮುಗಿದ) ನಕ್ಷತ್ರದಲ್ಲಿ ಇರಬಾರದ ಕ್ಯಾಲ್ಸಿಯಂನಂಥ ಭಾರದ ಧಾತುಗಳ ಗೆರೆಗಳು ಅದರಲ್ಲಿದ್ದವು. ಒಡೆದುಹೋದ ಶಿಲಾಕಾಯಗಳ ಪುಡಿ ನಕ್ಷತ್ರದ ಮೇಲೆ ಬೀಳುತ್ತಿದೆ ಎಂಬುದಕ್ಕೆ ಅವು ಗುರುತು. ಹೊರಗಿನ ಗ್ರಹವ್ಯೂಹವೊಂದರ ಅತಿ ಹಳೆಯ ಪುರಾವೆ ಹೀಗೆ ಶತಮಾನದುದ್ದಕ್ಕೂ ಕಪಾಟಿನಲ್ಲಿತ್ತು. ಆ ತಟ್ಟೆಯನ್ನು ಒಡೆಯದಂತೆ, ಹೆಸರು ಅಳಿಯದಂತೆ ಕಾದವರು ಹಲವರು. ಅವರ ಫೋಟೊ ಯಾವ ಪತ್ರಿಕೆಯಲ್ಲೂ ಬಂದಂತಿಲ್ಲ.

ಗ್ರಹಶೋಧ ಒಬ್ಬಂಟಿ ಋಷಿಯ ತಪಸ್ಸು ಎಂಬಂತೆ ನಮ್ಮ ಚಿತ್ರಗಳು ತೋರಿಸುತ್ತ ಬಂದಿವೆ. ಕನ್ನಡಿಗೆ ಲೇಪ ಹಚ್ಚುವವರು, ಫೈಬರ್ ಜೋಡಿಸುವವರು, ರಾತ್ರಿಪಾಳಿಯಲ್ಲಿ ದೂರದರ್ಶಕ ನಡೆಸುವವರು, ಪ್ರೋಗ್ರಾಂ ಬರೆಯುವವರು, ಪಿಎಚ್.ಡಿ. ವಿದ್ಯಾರ್ಥಿನಿಯರು ಎಲ್ಲರೂ ಸೇರಿದಾಗ ಒಂದು ಗ್ರಹ ಸಿಗುತ್ತದೆ. ಸರ್ಕಾರಿ ಶಾಲೆಯ ಹುಡುಗಿಯೊಬ್ಬಳು ಭಾನುವಾರದ ಪುರವಣಿಯಲ್ಲಿ ಇವರೆಲ್ಲರ ಚಿತ್ರ ನೋಡಿದರೆ, ಈ ಕೆಲಸದಲ್ಲಿ ತನಗೂ ಒಂದು ಜಾಗವಿದೆ ಎಂದು ಅವಳಿಗೆ ಅನ್ನಿಸೀತು. ಐಪೀಸಿಗೆ ಕಣ್ಣಿಟ್ಟ ಗಡ್ಡದ ಮುದುಕರ ಚಿತ್ರ ಅವಳಿಗೆ ಆ ಮಾತು ಹೇಳುವುದಿಲ್ಲ.

ಪತ್ರಿಕೆಗಳ ಸಂಪಾದಕರಿಗೆ, ಛಾಯಾಗ್ರಾಹಕ ಮಿತ್ರರಿಗೆ ನನ್ನ ಮನವಿ ಇಷ್ಟು. ಗ್ರಹ ಸಿಕ್ಕಿತೆಂಬ ಸುದ್ದಿಯ ಜೊತೆಗೆ ಗ್ರಹದ ಗೆರೆಯನ್ನೂ ಅಚ್ಚು ಹಾಕಿ, ಅದನ್ನು ಓದುವುದು ಹೇಗೆಂದು ಎರಡು ಸಾಲಿನಲ್ಲಿ ಹೇಳಿ. ಕಲಾವಿದರ ಚಿತ್ರವಾದರೆ ಹಾಗೆಂದು ಬರೆಯಿರಿ. ಎರಡು ಫೋಟೊ ಬೆರೆಸಿ ಮಾಡಿದ್ದಾದರೆ ಅದನ್ನೂ ತಿಳಿಸಿ. ತಂಡದವರನ್ನು ಹೆಸರು ಸಮೇತ ತೋರಿಸಿ. ಓದುಗರೂ ಅಡಿಬರಹ ನೋಡದೆ ಪುಟ ತಿರುಗಿಸಬಾರದು. ಇದು ಫೋಟೊವೇ, ಕಲ್ಪನೆಯೇ, ಯಾರು ತೆಗೆದದ್ದು, ಚಿತ್ರದಲ್ಲಿರುವವರು ಮಾಡಿದ ಕೆಲಸವೇನು ಎಂದು ಕೇಳಬೇಕು. ಉತ್ತರ ಸಿಗದಿದ್ದರೆ ಪತ್ರಿಕೆಗೆ ಒಂದು ಕಾಗದ ಬರೆಯಿರಿ.